ಸೊಸೆ ನಿಂತ ಜಾಗ

“ಅರ್ಥ ಗೊತ್ತಿರುವ ಮಾತಿನ ಮುಂದೆ ನಾನು ಯಾಕೆ ನಿಲ್ಲುತ್ತೇನೆ, ಅಜ್ಜಾರೇ?”

ಕೇಳಿದವನು ಓಬುಳಯ್ಯ. ಬೇರೆ ಮಾತಿನ ಸೀಮೆಯಿಂದ ಬಂದು ಮಠ ಸೇರಿದ ಶಿಷ್ಯ. ಕನ್ನಡ ಅವನಿಗೆ ಬೆಳೆದು ದೊಡ್ಡವನಾದ ಮೇಲೆ ಬಂದ ಭಾಷೆ. ಎದುರಿಗೆ ಕೂತಿದ್ದವರು ಮಠದ ಗುರು, ಗುರುಪಾದಜ್ಜ.

ಹಿಂದಿನ ದಿನ ಸಭೆಯಲ್ಲಿ ಮಠದ ಕಟ್ಟಳೆಗಳನ್ನು ಓದುವ ಸರದಿ ಓಬುಳಯ್ಯನದಾಗಿತ್ತು. ‘ಆ ವರ್ಷ ಮಠದ ಬಾವಿ ಬತ್ತಿತು. ಉಣ್ಣುವವರಿಗೆಲ್ಲ ನೀರು ಸಾಲಲಿಲ್ಲ. ಆದ್ದರಿಂದ’ ಎನ್ನುವವರೆಗೆ ಓದಿ ಅವನು ನಿಂತುಬಿಟ್ಟ. ಕೂತವರೆಲ್ಲ ಆಗಲೇ ಹೂಂಗುಟ್ಟಿ ಆಗಿತ್ತು. ಪಕ್ಕದಲ್ಲಿದ್ದ ಹಿರಿಯ ಶಿಷ್ಯನೊಬ್ಬ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡು, ‘ಆದ್ದರಿಂದ ಹೊರಸೀಮೆಯಿಂದ ಬಂದವರು ಕಡೆಯ ಪಂಕ್ತಿಯಲ್ಲಿ ಉಣ್ಣತಕ್ಕದ್ದು’ ಎಂದು ಒಂದೇ ಉಸಿರಿಗೆ ಮುಗಿಸಿದ. ಒಂದಿಬ್ಬರು ನಕ್ಕರು. ಓಬುಳಯ್ಯ ಎಂದಿನಂತೆ ಕಡೆಯ ಪಂಕ್ತಿಯಲ್ಲಿ ಕೂತು ಉಂಡ.

“ಉಳಿದವರು ‘ಆದ್ದರಿಂದ’ ಎಂಬ ಮಾತಿಗೆ ಬಂದೊಡನೆ ಮುಂದಕ್ಕೆ ಹೋಗುತ್ತಾರೆ” ಎಂದ ಓಬುಳಯ್ಯ. “ನನಗೆ ಹಿಂದಕ್ಕೆ ಹೋಗಿ ನೋಡಿ ಬರಬೇಕು ಅನ್ನಿಸುತ್ತದೆ. ಅವರ ಹಾಗೆ ಓದುವುದನ್ನು ಕಲಿಸಿಕೊಡಿ. ಅದು ನನ್ನಿಂದ ಆಗದ ಕೆಲಸವಾದರೆ ಊರಿಗೆ ಮರಳಲು ಅಪ್ಪಣೆ ಕೊಡಿ. ಇಷ್ಟು ವರ್ಷವಾದರೂ ಇವರಲ್ಲಿ ಒಬ್ಬನಾಗಲಿಲ್ಲ ಎಂಬ ನೋವು ಸಾಕಾಗಿದೆ.”

ಗುರುಪಾದಜ್ಜ ಅಪ್ಪಣೆಯನ್ನೂ ಕೊಡಲಿಲ್ಲ, ಉತ್ತರವನ್ನೂ ಕೊಡಲಿಲ್ಲ.

“ಕೂಡ್ರು. ಒಬ್ಬ ನೇಕಾರನ ಹೆಂಡತಿ ಕತಿ ಹೇಳತೀನಿ” ಎಂದರು. ಅವರು ಹೇಳಿದ ಕತೆ ಹೀಗಿದೆ.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನಿಗೆ ಹೊಳೆಯಾಚೆಯಿಂದ ಹೆಣ್ಣು ತಂದರು. ಹೊಳೆಯ ಆ ದಡದಲ್ಲಿ ಬೇರೆ ಮಾತು, ಈ ದಡದಲ್ಲಿ ಬೇರೆ ಮಾತು. ಬಂದವಳು ಮೊದಮೊದಲು ಉಪ್ಪು ಕೇಳಿದರೆ ಹುಣಸೆಹಣ್ಣು ತಂದುಕೊಟ್ಟಳು. ಆಮೇಲೆ ಅಡುಗೆಮನೆಯ ಮಾತು ಬಂತು, ಸಂತೆಯ ಮಾತು ಬಂತು, ಜಗಳದ ಮಾತಂತೂ ಎಲ್ಲಕ್ಕಿಂತ ಬೇಗ ಬಂತು. ಓಣಿಯ ಹೆಂಗಸರೊಡನೆ ಬಾವಿಕಟ್ಟೆಯಲ್ಲಿ ಅವಳು ಸರಿಸಮಕ್ಕೆ ನಿಂತು ಮಾತಾಡತೊಡಗಿದಳು.

ಅಕ್ಷರ ಕಲಿಸಿದವನು ಗಂಡ. ಹಾಸಿನ ನೂಲಿಗೆ, ಎಂದರೆ ಮಗ್ಗದ ಉದ್ದದ ಎಳೆಗಳಿಗೆ, ಗಂಜಿ ಹಚ್ಚಿ ಒಣಗಲು ಬಿಟ್ಟಾಗ ನೇಕಾರನಿಗೆ ಬೇರೆ ಕೆಲಸವಿರುವುದಿಲ್ಲ. ಆ ಹೊತ್ತಿನಲ್ಲಿ ಅವನು ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ ಬೆರಳಿನಲ್ಲಿ ಬರೆದು ತೋರಿಸುತ್ತಿದ್ದ. ಅವಳು ಅದರ ಪಕ್ಕದಲ್ಲೇ ಬರೆಯುತ್ತಿದ್ದಳು. ಅತ್ತೆ ಬಂದರೆ ಇಬ್ಬರೂ ಬೂದಿ ಬಳಿದು ಎದ್ದುಬಿಡುತ್ತಿದ್ದರು. ಮಾಡಬಾರದ್ದೇನೂ ಮಾಡುತ್ತಿರಲಿಲ್ಲ, ಆದರೂ ಎದ್ದುಬಿಡುತ್ತಿದ್ದರು. ಗಂಡ ಅವಳಿಗೆ ಅಷ್ಟು ಹತ್ತಿರ ಕೂತದ್ದು ಆ ಬೂದಿಯ ಮುಂದೆ ಮಾತ್ರ. ಅಕ್ಷರವೆಲ್ಲ ಬಂದುಬಿಟ್ಟ ದಿನ ಅವಳಿಗೆ ಸಂತೋಷಕ್ಕಿಂತ ಬೇಸರವೇ ಹೆಚ್ಚಾಯಿತು.

ಆ ಊರಿನ ಸೀರೆಯ ಬಗೆ ಬೇರೆ. ಒಡಲಿಗೆ ಒಂದು ಹಾಸು, ಸೆರಗಿಗೆ ಇನ್ನೊಂದು ಹಾಸು. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಆ ಕೂಡಿಕೆಗೆ ಕೊಂಡಿ ಎನ್ನುತ್ತಾರೆ. ಒಬ್ಬರು ತಮ್ಮ ಎಳೆಯನ್ನು ಮಡಿಚಿ ಹಿಡಿದರೆ, ಎದುರಿಗೆ ಕೂತವರು ತಮ್ಮ ಎಳೆಯನ್ನು ಅದರೊಳಗೆ ತೂರಿಸಬೇಕು. ಒಬ್ಬರ ಬೆರಳು ಇನ್ನೊಬ್ಬರ ಬೆರಳಿಗೆ ತಗಲುತ್ತಲೇ ಇರುತ್ತದೆ. ಓಣಿಯ ಎಲ್ಲ ಮನೆಗಳಲ್ಲೂ ಈ ಕೆಲಸಕ್ಕೆ ಕೂರುವವರು ಗಂಡ ಹೆಂಡತಿ. ಬೆಳಿಗ್ಗೆ ಜಗಳವಾಡಿ ಮುಖ ತಿರುಗಿಸಿದವರೂ ಕೊಂಡಿ ಹಾಕಲು ಎದುರುಬದುರು ಕೂರಲೇಬೇಕು. ಸೀರೆ ಮುಗಿಯುವುದರೊಳಗೆ ಅರ್ಧ ಜಗಳ ತಾನಾಗಿ ಮುಗಿದಿರುತ್ತಿತ್ತು.

ಈ ಮನೆಯಲ್ಲಿ ಮಾತ್ರ ನೇಕಾರನ ಎದುರಿಗೆ ಕೂರುತ್ತಿದ್ದವಳು ಅವನ ತಾಯಿ. ಹೆಂಡತಿ ಮೂಲೆಯಲ್ಲಿ ರಾಟೆ ತಿರುಗಿಸುತ್ತ, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಬೇಕು. ಅವಳು ಸುತ್ತುತ್ತ ನೋಡುತ್ತಿದ್ದಳು. ನೋಡುತ್ತ ಸುತ್ತಿದ ನೂಲು ಒಮ್ಮೊಮ್ಮೆ ಸಿಕ್ಕಾಗುತ್ತಿತ್ತು. ಪಕ್ಕದ ಮನೆಯಿಂದ ಕೊಂಡಿ ಹಾಕುವಾಗಿನ ಪಿಸುಮಾತು, ಸಣ್ಣ ನಗು ಕೇಳಿಸುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಬಂಗಾರವಲ್ಲ, ತವರಿಗೆ ಹೋಗುವುದೂ ಅಲ್ಲ. ಗಂಡನ ಎದುರಿನ ಆ ಚಾಪೆಯ ಮೇಲೆ ಕೂರಬೇಕು, ಅಷ್ಟೇ. ಅಷ್ಟಕ್ಕಾಗಿ ಅವಳ ಜೀವ ಹಾತೊರೆಯುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿದಳು.

“ಅತ್ತಿ, ಕೊಂಡಿ ಹಾಕಾಕ ನಾ ಯಾಕ ಕೂಡಬಾರದು?”

“ಕತಿಯೊಳಗ ಐತಿ” ಎಂದಳು ಅತ್ತೆ. ಕೆಟ್ಟ ದನಿಯಲ್ಲಿ ಹೇಳಲಿಲ್ಲ. “ಮಗ್ಗದ ಪೂಜಿ ದಿನ ನೀನ ಓದೋಳದಿ. ಓದಿದರ ನಿನಗ ಗೊತ್ತಾಗತೈತಿ.”

ವರ್ಷಕ್ಕೊಮ್ಮೆ ಮಗ್ಗದ ಪೂಜೆ ನಡೆಯುತ್ತಿತ್ತು. ಅಂದು ಮಗ್ಗವನ್ನು ತೊಳೆದು, ಲಾಳಿಗೆ ಕುಂಕುಮ ಹಚ್ಚಿ, ಆ ಮನೆತನದ ಕತೆಯನ್ನು ಓದಬೇಕು. ಓದುವುದು ಸೊಸೆಯ ಪಾಲಿನ ಕೆಲಸ. ಓಣಿಯವರು ಬಂದು ಕೂತು ಸಾಲುಸಾಲಿಗೂ ಹೂಂಗುಟ್ಟಬೇಕು. ಓದು ಮುಗಿದ ಮೇಲೆ ದೇವಿಗೆ ಉಡಿಸುವ ಸೀರೆಗೆ ಕೊಂಡಿ ಹಾಕುತ್ತಾರೆ.

ಮೊದಲ ವರ್ಷ ಅವಳು ಮಡಿಯುಟ್ಟು ಕೂತು ಓದಿದಳು.

‘ಹಿಂದೆ ಈ ಮನೆಗೆ ದೂರದ ನಾಡಿನಿಂದ ಒಬ್ಬಳು ಸೊಸೆ ಬಂದಳು.’

ಎಲ್ಲರೂ “ಹೂಂ” ಎಂದರು.

‘ಅವಳಿಗೆ ಕೊಂಡಿ ಹಾಕುವುದನ್ನು ಯಾರೂ ಹೇಳಿಕೊಡಲಿಲ್ಲ. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವಳೇ ಕೂತು ಕೊಂಡಿ ಹಾಕಿದಳು. ಕೊಂಡಿ ನಿಲ್ಲಲಿಲ್ಲ. ದೇವಿಯ ಸೀರೆ ಸೆರಗಿನ ಬಳಿ ಬಿಟ್ಟುಕೊಂಡು ಎರಡಾಯಿತು. ಆದ್ದರಿಂದ’

ಇಲ್ಲಿಗೆ ಬಂದು ಅವಳು ನಿಂತಳು.

ಆ ಮಾತು ಅವಳಿಗೆ ಗೊತ್ತಿಲ್ಲದ್ದಲ್ಲ. ಸಂತೆಯಲ್ಲಿ, ಅಡುಗೆಮನೆಯಲ್ಲಿ ಎಷ್ಟೋ ಸಲ ಆಡಿದ್ದಳು. ಆದರೆ ಓದುವಾಗ ಅದು ಎದುರಾದರೆ ಅವಳ ಮನಸ್ಸು ಹಿಂದಕ್ಕೆ ತಿರುಗುತ್ತಿತ್ತು. ಯಾವುದರಿಂದ ಎಂದು ಹುಡುಕಿ, ಹಿಂದಿನ ಸಾಲುಗಳನ್ನು ಕೈಯಲ್ಲಿ ಹಿಡಿದುಕೊಂಡು ಬಂದ ಮೇಲೆಯೇ ಅವಳಿಗೆ ಮುಂದಿನ ಹೆಜ್ಜೆ. ಕೂತವರಿಗೆ ಹಾಗಲ್ಲ. ಹುಟ್ಟಿದಂದಿನಿಂದ ಕೇಳಿದ ಮಾತು, ಕೇಳಿದ ಕೂಡಲೇ ಅವರನ್ನು ಮುಂದಕ್ಕೆ ತಳ್ಳುತ್ತಿತ್ತು. ಅವರಾಗಲೇ “ಹೂಂ” ಎಂದು ಆ ದಡದಲ್ಲಿ ನಿಂತಿದ್ದರು. ಅವಳಿನ್ನೂ ಈ ದಡದಲ್ಲಿದ್ದಳು.

“ಹೊಳಿ ದಾಟಿ ಬಂದಾಕಿಗೆ ಇದೊಂದು ಮಾತು ದಾಟಾಕ ಆಗವಲ್ದು ನೋಡ್ರಿ” ಎಂದಳು ಪಕ್ಕದ ಮನೆಯಾಕೆ.

ಎಲ್ಲರೂ ನಕ್ಕರು. ನಗುವಿನಲ್ಲಿ ವಿಷವೇನೂ ಇರಲಿಲ್ಲ, ಆದರೂ ನೇಕಾರನ ಕಿವಿ ಕೆಂಪಾಯಿತು. ಅತ್ತೆಗೆ ಕತೆ ಬಾಯಿಪಾಠವಾಗಿತ್ತು. ಸೊಸೆ ಹಿಂದಿನ ಸಾಲನ್ನು ಹುಡುಕುತ್ತಿರುವಾಗಲೇ ಅವಳು ಮುಂದಿನದನ್ನು ಹೇಳಿ ಮುಗಿಸಿದಳು. ‘ಆದ್ದರಿಂದ ದೂರದ ನಾಡಿನಿಂದ ಬಂದವಳು ಕೊಂಡಿ ಮುಟ್ಟಬಾರದು.’ ಎಲ್ಲರೂ ಮತ್ತೆ “ಹೂಂ” ಎಂದರು. ಮಂಗಳಾರತಿ ಆಯಿತು. ಅವಳು ಏನನ್ನೋ ಕೈಯಲ್ಲಿ ಹಿಡಿಯುವುದರಲ್ಲಿದ್ದಳು, ಅದು ಜಾರಿ ಹೋಯಿತು. ಅವಮಾನ ಮಾತ್ರ ಉಳಿಯಿತು.

ಅಂದೇ ಅವಳು ಹಟ ಹಿಡಿದಳು. ಇವರ ಹಾಗೆ ಓದಲು ಕಲಿಯಬೇಕು. ಇವರು ನಿಲ್ಲದ ಕಡೆ ತಾನೂ ನಿಲ್ಲಬಾರದು. ಹಾಗೆ ಓದಿದರೆ ತನ್ನನ್ನು ಇವರಲ್ಲೊಬ್ಬಳು ಎಂದುಕೊಳ್ಳುತ್ತಾರೆ, ಎಂದುಕೊಂಡರೆ ಆ ಚಾಪೆ ಎಷ್ಟು ದೂರ ಎಂದು ಲೆಕ್ಕ ಹಾಕಿದಳು. ರಾಟೆ ತಿರುಗಿಸುತ್ತ ಕತೆಯನ್ನು ಹೇಳಿಕೊಂಡಳು. ರಾಟೆ ನಿಲ್ಲದೆ ತಿರುಗಿದಂತೆ ಬಾಯಿಯೂ ನಿಲ್ಲದೆ ತಿರುಗಬೇಕು. ‘ಆದ್ದರಿಂದ’ ಬಂದಾಗ ಉಸಿರು ಬಿಗಿಹಿಡಿದು ದಾಟಿದಳು. ಮೊದಲು ಕಷ್ಟವಾಯಿತು. ಮಳೆಗಾಲ ಮುಗಿಯುವುದರೊಳಗೆ ಸುಲಭವಾಯಿತು. ಚಳಿ ಬರುವ ಹೊತ್ತಿಗೆ ಅಲ್ಲಿ ಒಂದು ಮಾತಿದೆ ಎನ್ನುವುದೇ ಅವಳಿಗೆ ಮರೆತುಹೋಯಿತು.

ಮುಂದಿನ ಪೂಜೆಯ ದಿನ ಅವಳು ಕತೆಯನ್ನು ನೀರು ಕುಡಿದಷ್ಟು ಸಲೀಸಾಗಿ ಓದಿದಳು. ಎಲ್ಲೂ ತಡೆಯಲಿಲ್ಲ, ಎಲ್ಲೂ ತೊದಲಲಿಲ್ಲ. ಹೂಂಗುಟ್ಟುವವರಿಗೇ ಅವಳ ಜೊತೆ ಓಡುವುದು ಕಷ್ಟವಾಯಿತು. ಅತ್ತೆಯ ಕಣ್ಣು ಒದ್ದೆಯಾಯಿತು. ದೇವಿಯ ಮುಡಿಯಿಂದ ಹೂ ತೆಗೆದು ಸೊಸೆಗೆ ಮುಡಿಸಿ, “ಈಗ ನಮ್ಮಾಕಿ ಆದಿ ನೋಡು” ಎಂದಳು. ಅವಳು ನಿಜವಾಗಿಯೇ ಹಾಗೆ ಅಂದುಕೊಂಡು ಹೇಳಿದ ಮಾತು ಅದು.

ಆಮೇಲೆ ಕೊಂಡಿ ಹಾಕಲು ಚಾಪೆ ಹಾಸಿದರು. ನೇಕಾರ ಕೂತ. ಅವನ ತಾಯಿ ಎದುರಿಗೆ ಕೂತಳು. ಹೆಂಡತಿ ಯಾರೂ ಹೇಳದೆಯೇ ಎದ್ದು ಮೂಲೆಗೆ ಹೋಗಿ ರಾಟೆಯ ಮುಂದೆ ಕೂತಳು.

ಕೂತ ಮೇಲೆ ಅವಳಿಗೆ ತಿಳಿಯಿತು. ಹೋದ ವರ್ಷ ಆ ಮಾತನ್ನು ಹೇಳಿ ಮುಗಿಸಿದವಳು ಅತ್ತೆ. ಈ ವರ್ಷ ತಾನೇ ಓದಿದ್ದಳು. ತನ್ನನ್ನು ಆ ಚಾಪೆಯಿಂದ ದೂರವಿಡುವ ಮಾತನ್ನು ತನ್ನ ಬಾಯಿಂದಲೇ, ಒಂದೇ ಉಸಿರಿಗೆ, ಎಲ್ಲರೂ ಮೆಚ್ಚುವ ಹಾಗೆ. ಗಂಡ ತಲೆಯೆತ್ತಿ ಅವಳ ಕಡೆ ನೋಡಿದ. ಆಮೇಲೆ ಎಳೆಗಳ ಕಡೆ ನೋಡಿದ. ಅವಳು ಮುಡಿದ ಹೂವಿನ ವಾಸನೆ ಅವಳಿಗೇ ಸಹಿಸಲಾಗಲಿಲ್ಲ.

ಅಂದು ರಾಟೆ ತಿರುಗಿಸುತ್ತ ಅವಳಿಗೆ ತವರಿನ ಒಂದು ಮಾತು ನೆನಪಾಯಿತು. ಮದುವೆಗೆ ಮುಂಚೆ ಅವಳ ಅಪ್ಪ ತಮ್ಮ ಮಾತಿನಲ್ಲಿ ಹೇಳಿದ್ದ. ‘ಹೊಳೆಯಾಚೆ ಒಳ್ಳೆಯ ಹುಡುಗನಿದ್ದಾನೆ, ಆದ್ದರಿಂದ ನಿನ್ನನ್ನು ಅಲ್ಲಿಗೆ ಕೊಡುತ್ತೇವೆ.’ ಅವಳು ಕೂಡಲೇ “ಹೂಂ” ಎಂದಿದ್ದಳು. ತಮ್ಮ ದಡದಲ್ಲೇ ಒಳ್ಳೆಯ ಹುಡುಗರಿರಲಿಲ್ಲವೆ ಎಂದು ಕೇಳಿರಲಿಲ್ಲ. ಅದು ಅವಳ ಸ್ವಂತ ಮಾತು, ಹಾಲು ಕುಡಿಯುವಾಗ ಕಲಿತ ಮಾತು. ಅದರಲ್ಲಿ ಅವಳು ಎಂದೂ ನಿಂತವಳಲ್ಲ. ನಿಲ್ಲುವ ಅಭ್ಯಾಸವನ್ನು ಅವಳಿಗೆ ಕೊಟ್ಟದ್ದು ಈ ಹೊರಗಿನ ಮಾತು. ಅದನ್ನು ಒಂದು ವರ್ಷ ಬೆವರು ಸುರಿಸಿ ಕಳೆದುಕೊಂಡಿದ್ದಳು.

ಹೋದದ್ದನ್ನು ಮರಳಿ ಪಡೆಯುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ. ರಾಟೆಯ ಮುಂದೆ ಕೂತು ಕತೆ ಹೇಳಿಕೊಂಡರೆ ನಾಲಿಗೆ ತಾನಾಗಿ ಆ ಜಾಗವನ್ನು ದಾಟಿಬಿಡುತ್ತಿತ್ತು. ಕೊನೆಗೆ ಅವಳು ಒಲೆಯ ಬೂದಿಯನ್ನು ನೆಲದ ಮೇಲೆ ಹರಡಿ, ಬೆರಳಿನಲ್ಲಿ ಒಂದೊಂದೇ ಅಕ್ಷರ ಬರೆದು ಓದಿದಳು. ಹೊಸದಾಗಿ ಬಂದವಳ ಹಾಗೆ. ಗಂಡ ಮಗ್ಗದ ಕುಳಿಯಲ್ಲಿ ಕೂತಲ್ಲಿಂದಲೇ ನೋಡಿದ. ಲಾಳಿ ನಿಲ್ಲಿಸಿ ಎದ್ದು ಬಂದು ಪಕ್ಕದಲ್ಲಿ ಕೂತ. ಅವಳು ಬರೆದ ‘ಯಾರೂ ಹೇಳಿಕೊಡಲಿಲ್ಲ’ ಎಂಬ ಸಾಲನ್ನು ಬಹಳ ಹೊತ್ತು ನೋಡಿ, ಎದ್ದು ಹೋಗಿ ಮತ್ತೆ ಮಗ್ಗಕ್ಕೆ ಕೂತ.

ಮತ್ತೆ ಪೂಜೆ ಬಂತು. ಓಣಿಯವರು ಬಂದು ಕೂತರು. ಹೋದ ವರ್ಷದ ಓದನ್ನು ಕೇಳಿದ್ದವರು ನೆಂಟರನ್ನೂ ಕರೆದುಕೊಂಡು ಬಂದಿದ್ದರು. ಅವಳು ಓದಿದಳು. ಸೊಸೆ ಬಂದಳು, ಹೂಂ. ಹೇಳಿಕೊಡಲಿಲ್ಲ, ಹೂಂ. ಕೊಂಡಿ ಹಾಕಿದಳು, ಹೂಂ. ಸೀರೆ ಎರಡಾಯಿತು, ಹೂಂ.

‘ಆದ್ದರಿಂದ’ ಎಂದು ಅವಳು ನಿಂತಳು.

ಹೂಂಕಾರ ಬಂದು ಹೋಯಿತು. ಅವಳು ಮುಂದೆ ಹೋಗಲಿಲ್ಲ. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಮರೆತಳು ಪಾಪ ಎಂದುಕೊಂಡು ಅತ್ತೆ ಬಾಯಿ ತೆರೆದಳು.

“ತಡೀರಿ ಅತ್ತಿ” ಎಂದಳು ಸೊಸೆ. “ನಾ ಇನ್ನೂ ಇಲ್ಲೇ ಅದೀನಿ.”

ಅವಳು ಹಾಳೆಯ ಮೇಲೆ ಬೆರಳಿಟ್ಟು ಹಿಂದಕ್ಕೆ ಹೋದಳು. ಒಂದು ಸಾಲು, ಮತ್ತೊಂದು ಸಾಲು. ಬೆರಳು ಸಿಕ್ಕ ಕಡೆ ನಿಂತಿತು. ಗಟ್ಟಿಯಾಗಿ ಓದಿದಳು. ‘ಅವಳಿಗೆ ಕೊಂಡಿ ಹಾಕುವುದನ್ನು ಯಾರೂ ಹೇಳಿಕೊಡಲಿಲ್ಲ. ಆದ್ದರಿಂದ’ ಎಂದು, ಅಲ್ಲಿಗೆ ಬಿಟ್ಟು, ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಪ್ರಶ್ನೆ ಕೇಳಲಿಲ್ಲ. ಯಾರ ಮೇಲೂ ತಪ್ಪು ಹೊರಿಸಲಿಲ್ಲ.

ಯಾರೂ ಹೂಂಗುಟ್ಟಲಿಲ್ಲ. ಮುಂದಕ್ಕೆ ತಳ್ಳಬೇಕಾಗಿದ್ದ ಮಾತು ಈ ಸಲ ಯಾರನ್ನೂ ತಳ್ಳಲಿಲ್ಲ. ಅತ್ತೆ ತೆರೆದ ಬಾಯಿಯನ್ನು ಮುಚ್ಚಲು ಮರೆತಳು. ಅವಳು ಈ ಓಣಿಯಲ್ಲೇ ಹುಟ್ಟಿದವಳು, ಈ ಕತೆಯನ್ನು ತೊಟ್ಟಿಲಲ್ಲೇ ಕೇಳಿದವಳು. ಕತೆಯ ಆ ಸೊಸೆಗೆ ಒಬ್ಬಳು ಅತ್ತೆ ಇದ್ದಿರಬೇಕು ಎಂದು ಅವಳಿಗೆ ಹೊಳೆದದ್ದು ಅದೇ ಮೊದಲು.

ಕೊನೆಗೆ ಅತ್ತೆ, ಮೆಲ್ಲಗೆ, ಒಬ್ಬಳೇ, “ಹೂಂ” ಎಂದಳು.

ಚಾಪೆ ಹಾಸಿದರು. ನೇಕಾರ ಕೂತ, ತಾಯಿ ಎದುರಿಗೆ ಕೂತಳು. ಸೊಸೆ ಮೂಲೆಗೆ ಹೋಗಲು ಎದ್ದಳು. ಅತ್ತೆ ಚಾಪೆಯ ಮೇಲೆ ಒಂದಿಷ್ಟು ಸರಿದು, ಪಕ್ಕದ ಜಾಗವನ್ನು ಸೆರಗಿನಿಂದ ಒರೆಸಿದಳು. “ಬಾ, ನನ್ನ ಕೈ ನೋಡು” ಎಂದಳು.

ಅಂದು ದೇವಿಯ ಸೀರೆ ಬೇಗ ಮುಗಿಯಲಿಲ್ಲ. ಸೊಸೆ ಹಾಕಿದ ಕೊಂಡಿಗಳು ಬಿಚ್ಚಿದವು. ಬಿಚ್ಚಿದ್ದನ್ನು ಅತ್ತೆ ಬೈದುಕೊಂಡೇ ಮತ್ತೆ ಹಾಕಿಸಿದಳು. ಗಂಡ ತನ್ನ ಎಳೆಯನ್ನು ಮಡಿಚಿ ಹಿಡಿದು, ಅವಸರ ಮಾಡದೆ, ಕಾದ. ಅವಳು ಕೂತದ್ದು ಅವನ ಎದುರಿಗಲ್ಲ, ಅತ್ತೆಯ ಪಕ್ಕದಲ್ಲಿ, ಚಾಪೆಯ ಅಂಚಿನ ಮೇಲೆ. ಎದುರಿನ ಜಾಗ ಇನ್ನೂ ಒಂದು ಮೊಳ ಆಚೆಗಿತ್ತು. ಅವಳ ಕಣ್ಣು ಎಳೆಯ ಮೇಲೆ ಎಷ್ಟಿತ್ತೋ ಆ ಒಂದು ಮೊಳದ ಮೇಲೂ ಅಷ್ಟೇ ಇತ್ತು.

ಗುರುಪಾದಜ್ಜ ಕತೆ ನಿಲ್ಲಿಸಿದರು. ಹೊರಗೆ ಯಾರೋ ಬಾವಿಗೆ ಕೊಡ ಇಳಿಸಿದರು. ಬಾವಿ ತುಂಬಿತ್ತು, ಹಗ್ಗ ಹೆಚ್ಚು ಇಳಿಯಲಿಲ್ಲ. ಕೊಡ ಮುಳುಗಿದ ಸದ್ದು ಹತ್ತಿರದಲ್ಲೇ, ಮೇಲೆಯೇ ಕೇಳಿಸಿತು.

“ಹಾಗಾದರೆ ನಾನು ಅವರ ಹಾಗೆ ಓದುವುದು ಬೇಡವೆ, ಅಜ್ಜಾರೇ?” ಎಂದು ಓಬುಳಯ್ಯ ಕೇಳಿದ. ದನಿಯಲ್ಲಿ ಇನ್ನೂ ಆಸೆಯಿತ್ತು. ಅವರಲ್ಲಿ ಒಬ್ಬನಾಗುವ ಆಸೆ ಒಂದು ಕತೆಗೆ ಸಾಯುವಂಥದ್ದಲ್ಲ.

ಅಜ್ಜ ಗೂಡಿನಿಂದ ಕಟ್ಟಳೆಗಳ ಕಟ್ಟನ್ನು ತೆಗೆದು, ಗಂಟು ಬಿಚ್ಚಿ, ಅವನ ಮುಂದೆ ಇಟ್ಟರು. ಬಾವಿಯ ಕಡೆ ಒಮ್ಮೆ ತಿರುಗಿ ನೋಡಿದರು. ಆಮೇಲೆ ಶಿಷ್ಯನ ಪಕ್ಕಕ್ಕೆ ಬಂದು, ಅವನು ಕೂತ ಬರಿನೆಲದ ಮೇಲೆಯೇ ಕೂತು ಹೇಳಿದರು:

“ನಿನ್ನಿ ನೀ ನಿಂತ ಜಾಗಕ್ಕ ಬೆರಳಿಟ್ಟು ತೋರಿಸಪ್ಪಾ, ನಾ ಅಲ್ಲಿ ಒಮ್ಮಿನೂ ನಿಂತಾಂವಲ್ಲ.”